ಕಿಟಕಿ ಕಡೆ, ಗೋಡೆ ಕಡೆ

ದೊಡ್ಡಮ್ಮನಿಗೆ ಹೆಸರಿಲ್ಲ ಎಂದಲ್ಲ. ಅವಳಿಗೂ ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದಿದೆ. ಆದರೆ ಲಾಂಡ್ರಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದು ಅನುಮಾನ. ಮಕ್ಕಳು ಚಿಕ್ಕವರಿದ್ದಾಗ ಶಾಲೆ ಬಿಟ್ಟು ನೇರ ಲಾಂಡ್ರಿಯ ಬಾಗಿಲಿಗೆ ಬರುತ್ತಿದ್ದರು. ಮೈದುನನ ಮಗ ಇವಳನ್ನು "ದೊಡ್ಡಮ್ಮಾ" ಎಂದು ಕೂಗುತ್ತಿದ್ದ, ಇವಳ ಮಗಳು ಓರಗಿತ್ತಿಯನ್ನು "ಚಿಕ್ಕಮ್ಮಾ" ಎಂದು ಕೂಗುತ್ತಿದ್ದಳು. ಯಂತ್ರಗಳ ಸದ್ದಿನಲ್ಲಿ ಕೇಳಿಸಲಿ ಎಂದು ಮಕ್ಕಳು ಗಂಟಲು ಹರಿದುಕೊಂಡದ್ದನ್ನು ಎಲ್ಲರೂ ಕೇಳಿದರು, ಎಲ್ಲರೂ ಹಾಗೇ ಕರೆಯತೊಡಗಿದರು. ಈಗ ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ಬಾಯ್ಲರ್ ನೋಡಿಕೊಳ್ಳುವವನೂ ಅವಳಿಗೆ ದೊಡ್ಡಮ್ಮ ಎನ್ನುತ್ತಾನೆ. ಅವಳೂ ಓಗೊಡುತ್ತಾಳೆ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಮುಂದಿನ ಹಾಲ್‌ನಲ್ಲಿ ಒಗೆಯುವ ಯಂತ್ರಗಳು, ಅದರಾಚೆ ಒಣಗಿಸುವವು, ಪಕ್ಕದಲ್ಲಿ ಇಸ್ತ್ರಿ ವಿಭಾಗ, ಕೊನೆಗೆ ಮಡಚುವ ಕೋಣೆ. ಕೋಣೆಯ ಒಂದು ಪಕ್ಕಕ್ಕೆ ಉದ್ದನೆಯ ಕಿಟಕಿ, ಇನ್ನೊಂದು ಪಕ್ಕಕ್ಕೆ ಬರೀ ಗೋಡೆ. ನಡುವೆ ಓರಗಿತ್ತಿಯರಿಬ್ಬರು ಎದುರುಬದುರು ನಿಂತು ಬೆಡ್‌ಶೀಟು ಮಡಚುತ್ತಾರೆ. ಬಿಳಿ ಬೆಡ್‌ಶೀಟು, ಒಂದೇ ಒಂದು ಅಂಚಿನಲ್ಲಿ ತೆಳುವಾದ ನೀಲಿ ಪಟ್ಟಿ. ಮಡಚಿದ ಮೇಲೆ ಆ ಪಟ್ಟಿ ಹೊರಗೆ ಉಳಿಯಬೇಕು. ಆಗ ನರ್ಸ್ ಪಟ್ಟಿ ಹಿಡಿದು ಒಮ್ಮೆ ಕೊಡವಿದರೆ ಸಾಕು, ಬೆಡ್‌ಶೀಟು ಹಾಸಿಗೆ ತುಂಬ ಹರಡಿಕೊಳ್ಳುತ್ತದೆ. ಪಟ್ಟಿ ಒಳಗೆ ಸೇರಿಕೊಂಡಿತೋ, ಅವಳು ಅಂಚು ಹುಡುಕುತ್ತ ನಿಲ್ಲಬೇಕು. ಕಾಯಿಲೆಯವರು ಕುರ್ಚಿಯಲ್ಲಿ ಕೂತು ಕಾಯಬೇಕು.

ಬುಟ್ಟಿಯಿಂದ ಎತ್ತಿದಾಗ ಪಟ್ಟಿ ಯಾವ ಕಡೆಗೆ ಬರುತ್ತದೆಂದು ಹೇಳಲಾಗದು. ಅದಕ್ಕೇ ಕೂಗು. ಪಟ್ಟಿ ಕಿಟಕಿಯ ಕಡೆಗಿದ್ದರೆ ದೊಡ್ಡಮ್ಮ "ಕಿಟಕಿ!" ಎನ್ನುತ್ತಾಳೆ, ಆಚೆ ಕಡೆಗಿದ್ದರೆ "ಗೋಡೆ!" ಇಬ್ಬರೂ ಆ ಕಡೆಗೇ ಬಟ್ಟೆ ತರುತ್ತಾರೆ. ಎದುರುಬದುರು ನಿಂತವರಲ್ಲವೇ, ಒಬ್ಬಳಿಗೆ ಅದು ಬಲಗೈಯ ಕೆಲಸ, ಇನ್ನೊಬ್ಬಳಿಗೆ ಎಡಗೈಯದ್ದು. ತಪ್ಪಿ ಒಬ್ಬಳು ಕಿಟಕಿಗೂ ಒಬ್ಬಳು ಗೋಡೆಗೂ ತಂದರೆ ಬೆಡ್‌ಶೀಟು ನಡುವೆ ತಿರುಚಿಕೊಂಡು ಹಗ್ಗವಾಗುತ್ತದೆ. ಉದ್ದಕ್ಕೆ ಮಡಚಿ ಮುಗಿದ ಮೇಲೆ ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಬರುತ್ತಾರೆ, ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡುತ್ತಾಳೆ, ಮತ್ತೆ ಹಿಂದೆ ಸರಿಯುತ್ತಾರೆ.

ಅವರ ಮಾತೂ ಹಾಗೆಯೇ ನಡೆಯುತ್ತಿತ್ತು. ದೂರ ಇದ್ದಾಗ ಊರಿಗೆಲ್ಲ ಕೇಳಿಸುವಂಥ ಮಾತು: ತರಕಾರಿ ರೇಟು, ಬಸ್ಸು ತಡ, ಮೇಸ್ತ್ರಿಯ ಹೊಸ ಚಪ್ಪಲಿ. ಕೈಗೆ ಕೈ ತಾಗುವಷ್ಟು ಹತ್ತಿರ ಬಂದಾಗ ಪಿಸುಮಾತು: ಗಂಡನ ಮೇಲಿನ ದೂರು, ಮಗಳ ಚಿಂತೆ, ನಗು. ಒಂದು ಗುಟ್ಟು ಪೂರ್ತಿ ಹೇಳಿ ಮುಗಿಸಲು ನಾಲ್ಕೈದು ಬೆಡ್‌ಶೀಟಾದರೂ ಬೇಕಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕಮ್ಮ ಇವಳಿಗೆ "ನೀವು" ಎನ್ನುತ್ತಿದ್ದಳು. ಯಾವ ಬೆಡ್‌ಶೀಟಿನ ಹೊತ್ತಿಗೆ ಅದು "ನೀನು" ಆಯಿತೋ ಇಬ್ಬರಿಗೂ ನೆನಪಿಲ್ಲ. ಮನೆಯೂ ಒಂದೇ, ಕೆಳಗೆ ದೊಡ್ಡಮ್ಮನ ಸಂಸಾರ, ಮೆಟ್ಟಿಲು ಹತ್ತಿದರೆ ಚಿಕ್ಕಮ್ಮನದು.

ದೊಡ್ಡಮ್ಮನ ಯಜಮಾನರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮನೆಯಲ್ಲಿ ಹೂಂಗುಟ್ಟುವವರು. ಹೆಂಡತಿ ಏನು ಹೇಳಿದರೂ "ಹೂಂ". ಒಮ್ಮೆ ಅವಳು ಬೇಕೆಂದೇ "ಅಡುಗೆಮನೆಗೆ ಬೆಂಕಿ ಬಿದ್ದಿದೆ" ಎಂದು ನೋಡಿದಳು. ಅದಕ್ಕೂ "ಹೂಂ" ಬಂತು.

"ಕೇಳಿಸ್ಕೊಂಡು ಹೂಂ ಅನ್ನಿ, ಪುಣ್ಯ ಬರುತ್ತೆ!" ಎಂದು ಅವಳು ರೇಗುತ್ತಿದ್ದಳು.

"ಹೂಂ," ಎನ್ನುತ್ತಿದ್ದರು ಅವರು.

ಇಂಥ ಮನೆಗೆ ಫೋನು ಬಂತು. ಬೇರೆ ಊರಿನಲ್ಲಿರುವ ಮಗಳು, ಮೊಮ್ಮಗಳ ಮುಖ ನೋಡಲೆಂದು ಕೊಡಿಸಿದ್ದು. ಮೊಮ್ಮಗಳ ಮುಖ ವಾರಕ್ಕೊಮ್ಮೆ ಕಂಡಿತು. ಉಳಿದ ಹೊತ್ತೆಲ್ಲ ದೊಡ್ಡಮ್ಮ ಸುದ್ದಿ ಕೇಳತೊಡಗಿದಳು. ಹಾಲು ಕಾಯಿಸುವಾಗ ಸುದ್ದಿ, ತಲೆ ಬಾಚುವಾಗ ಸುದ್ದಿ. ಲಾಂಡ್ರಿಯಲ್ಲಿ ಏಪ್ರನ್ ಜೇಬಿನಲ್ಲಿ ಫೋನು, ಒಂದು ಕಿವಿಯಲ್ಲಿ ಇಯರ್‌ಫೋನು. ಯಾವ ದೇಶದಲ್ಲಿ ನೆಲ ನಡುಗಿತು, ಎಲ್ಲಿ ಯಾರು ಯಾರ ಕಪಾಳಕ್ಕೆ ಬಾರಿಸಿದರು, ಯಾವ ಮಂತ್ರಿಗೆ ಮಂಡಿನೋವು, ಎಲ್ಲ ಅವಳ ನಾಲಿಗೆ ತುದಿಯಲ್ಲಿ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ. ನಿದ್ದೆ ಹಾಳಾಯಿತು. ಎದೆಯಲ್ಲಿ ಯಾವಾಗಲೂ ಏನೋ ಕುದಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ, ಆದರೆ ಸಿಟ್ಟು ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ತಯಾರಿರುತ್ತಿತ್ತು.

ಆಗ ಬಂತು ಆ ವಿಷಯ. ಏನು ವಿಷಯ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಯಾವುದಾದರೊಂದು ಕಡೆ ಹೋಗಿ ನಿಲ್ಲುತ್ತೀರಿ, ಕತೆ ಇಲ್ಲೇ ನಿಲ್ಲುತ್ತದೆ. ಇಷ್ಟು ತಿಳಿದರೆ ಸಾಕು: ಇಡೀ ದೇಶ ಎರಡಾಯಿತು. ಒಗೆಯುವವರಲ್ಲಿ ಹೆಚ್ಚಿನವರು ಆ ಕಡೆ, ಇಸ್ತ್ರಿಯವರಲ್ಲಿ ಹೆಚ್ಚಿನವರು ಈ ಕಡೆ. ಟೀ ಕುಡಿಯುವ ಬೆಂಚು ಒಂದೇ ಇದ್ದದ್ದು, ನಡುವೆ ಜಾಗ ಬಿಟ್ಟು ಎರಡು ತುದಿಯಲ್ಲಿ ಕೂರತೊಡಗಿದರು. ನಡುವಿನ ಜಾಗದಲ್ಲಿ ಬಾಯ್ಲರ್‌ನವನು ಕಾಲು ಚಾಚಿ ಮಲಗಿ, ಈ ಜಗಳ ಹೀಗೇ ನಡೆಯಲಪ್ಪಾ ಎಂದು ಹರಸಿದನು.

ದೊಡ್ಡಮ್ಮ ಈ ಕಡೆಯವಳು, ಅದೂ ಮುಂದಾಳು. ಒಂದು ದಿನ ಟೀ ಹೊತ್ತಿನಲ್ಲಿ ಅವಳು ಆ ಕಡೆಯವರ ಜನ್ಮ ಜಾಲಾಡುತ್ತಿದ್ದಾಗ ಚಿಕ್ಕಮ್ಮ ಮೆಲ್ಲಗೆ ಬಾಯಿ ಹಾಕಿದಳು. "ಅವರ ಮಾತಲ್ಲೂ ಏನೋ ಒಂದು ಇರಬಹುದು, ಅಲ್ವಾ ಅಕ್ಕ?"

ಬೇರೆ ಯಾರಾದರೂ ಅಂದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ತನ್ನವಳೇ ಅಂದದ್ದು ದೊಡ್ಡಮ್ಮನಿಗೆ ಬೆನ್ನಿಗೆ ಚೂರಿ ಹಾಕಿದಂತಾಯಿತು. "ನಿನ್ನಂಥವರಿಂದಲೇ ಎಲ್ಲ ಹಾಳಾಗಿದ್ದು! ತಲೆಯಲ್ಲಿ ಏನೂ ಇಲ್ಲ, ಮಾತಾಡೋಕೆ ಬರ್ತೀಯ!" ಎಂದಳು, ಬೆಂಚಿನ ಎರಡೂ ತುದಿಗೆ ಕೇಳಿಸುವಂತೆ.

ಚಿಕ್ಕಮ್ಮ ಎದ್ದು ಲೋಟ ತೊಳೆದಿಟ್ಟಳು. "ಬನ್ನಿ, ಬುಟ್ಟಿ ಬಂದಿದೆ," ಎಂದಳು. ಬಾ ಹೋಗಿ ಬನ್ನಿ ಆಗಿತ್ತು.

ಅಂದಿನಿಂದ ಮಡಚುವ ಕೋಣೆಯಲ್ಲಿ ಮಾತಿಲ್ಲ. ದೊಡ್ಡಮ್ಮ ಎರಡನೇ ಕಿವಿಗೂ ಇಯರ್‌ಫೋನು ಸಿಕ್ಕಿಸಿಕೊಂಡಳು. ಕೂಗಲಿಲ್ಲ. ಯಾಕೆ ಕೂಗಬೇಕು, ಅವಳಿಗೇನು ಕಣ್ಣಿಲ್ಲವೇ? ಚಿಕ್ಕಮ್ಮ ಎಳೆದ ಕಡೆಗೆ ಇವಳೂ ಎಳೆದಳು, ಗಮನವೆಲ್ಲ ಕಿವಿಯಲ್ಲಿ. ಕೆಲವು ಬೆಡ್‌ಶೀಟು ತಿರುಚಿಕೊಂಡವು, ಕೆಲವು ಪಟ್ಟಿಯನ್ನು ಹೊಟ್ಟೆಯೊಳಗೆ ಹಾಕಿಕೊಂಡು ಮಡಚಿಕೊಂಡವು. ಆಸ್ಪತ್ರೆಯಿಂದ ಗಂಟುಗಂಟೇ ವಾಪಸು ಬಂದಾಗ ಮೇಸ್ತ್ರಿ ಹಣೆ ಚಚ್ಚಿಕೊಂಡನು. ಒಳ್ಳೆಯವನೇ, ಬೈಗುಳ ಬಾರದ್ದರಿಂದ ಹಣೆ ಚಚ್ಚಿಕೊಳ್ಳುವುದನ್ನು ಕಲಿತಿದ್ದನು.

"ಇಷ್ಟು ವರ್ಷ ಒಂದು ಗಂಟೂ ಬಂದಿಲ್ಲ. ಏನಾಯ್ತು ನಿಮಗೆ?"

"ಅವಳನ್ನೇ ಕೇಳಿ," ಎಂದಳು ದೊಡ್ಡಮ್ಮ. "ಬೇಕೂಂತಲೇ ಉಲ್ಟಾ ಮಡಚ್ತಾಳೆ. ನನ್ನ ಮೇಲಿನ ಹಟಕ್ಕೆ."

ಆ ಮಾತು ಎಲ್ಲಿಂದ ಬಂತೆಂದರೆ ಫೋನಿನಿಂದಲೇ ಬಂತು. ಆ ಕಡೆಯವರು ಮಾಡುವುದೆಲ್ಲ ಬೇಕೆಂದೇ ಮಾಡುತ್ತಾರೆ ಎಂದು ಅದು ಅವಳಿಗೆ ದಿನವಿಡೀ ಹೇಳುತ್ತಿತ್ತು. ಕೇಳಿ ಕೇಳಿ ಅವಳಿಗೆ ಲೋಕದಲ್ಲಿ ಕೈತಪ್ಪು ಎಂಬುದೊಂದಿದೆ ಎನ್ನುವುದೇ ಮರೆತುಹೋಗಿತ್ತು.

ಚಿಕ್ಕಮ್ಮನನ್ನು ಟವೆಲ್ ಮೇಜಿಗೆ ಹಾಕಿದರು. ಟವೆಲು ಚಿಕ್ಕದು, ಒಬ್ಬರೇ ಕೂತು ಮಡಚಬಹುದು. ದೊಡ್ಡಮ್ಮನಿಗೆ ಹೊಸ ಜೊತೆಗಾತಿ ಇಸ್ತ್ರಿ ವಿಭಾಗದಿಂದ ಬಂದಳು. ದನಿ ದೊಡ್ಡದೆಂದು ಅವಳಿಗೆ ಗಂಟೆ ಎಂದೇ ಹೆಸರು. ಗಂಟೆಯೂ ಈ ಕಡೆಯವಳೇ, ಅವಳ ಕಿವಿಯಲ್ಲೂ ಅದೇ ಸುದ್ದಿ. ದೊಡ್ಡಮ್ಮನಿಗೆ ಸ್ವರ್ಗ ಕೈಗೆ ಸಿಕ್ಕಿದಂತಾಯಿತು.

ಸ್ವರ್ಗ ಮಧ್ಯಾಹ್ನದವರೆಗೂ ಬಾಳಲಿಲ್ಲ. ಇವಳು ಒಂದು ಹೇಳಿದರೆ ಅವಳು "ಹೌದೌದು" ಎಂದು ಎರಡು ಸೇರಿಸುತ್ತಿದ್ದಳು. ಅವಳ ಎರಡಕ್ಕೆ ಇವಳು "ಮತ್ತೇನು!" ಎಂದು ನಾಲ್ಕು. ಇಬ್ಬರೂ ಕೂಗುವವರೇ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಹತ್ತಿರ ಬಂದಾಗಲೂ ಗಂಟೆ ದನಿ ತಗ್ಗಿಸುತ್ತಿರಲಿಲ್ಲ, ಮುಖದ ಮೇಲೇ ಬಾರಿಸುತ್ತಿದ್ದಳು. ಪಿಸುಮಾತು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಬೆಡ್‌ಶೀಟುಗಳು ಒಂದಾದ ಮೇಲೊಂದು ಹಗ್ಗವಾದವು. ಸಂಜೆ ಹೊತ್ತಿಗೆ ದೊಡ್ಡಮ್ಮನ ತಲೆ ಸಿಡಿಯುತ್ತಿತ್ತು. ಇಯರ್‌ಫೋನು ಕಿತ್ತು ಜೇಬಿಗೆ ತುರುಕಿ, ಏಪ್ರನ್ ಬಿಚ್ಚಿ ಒಗೆಯುವ ರಾಶಿಗೆ ಎಸೆದು, ಮುಖ ತೊಳೆಯಲು ಹೋದಳು.

"ಜೇಬು ನೋಡಿ! ಜೇಬು ನೋಡಿ ಹಾಕಿ!" ಎಂದು ಲಾಂಡ್ರಿಯಲ್ಲಿ ಅಷ್ಟು ವರ್ಷದಿಂದ ಎಲ್ಲರ ತಲೆ ತಿಂದವಳು ಇವಳೇ. ಮುಖ ಒರೆಸಿಕೊಳ್ಳುತ್ತ ಬಂದವಳು ಯಂತ್ರದ ದುಂಡು ಗಾಜಿನೊಳಗೆ ನೋಡಿದರೆ, ನೊರೆಯ ನಡುವೆ ಅವಳ ಫೋನು ಸುತ್ತುತ್ತಿದೆ. ಗಾಜಿಗೆ ಒಮ್ಮೆ ಟಕ್ ಎಂದು ಬಡಿದು ಮೇಲೆ ಹೋಯಿತು, ಮತ್ತೆ ಬಂತು. ನೀರು ಪೂರ್ತಿ ಹೋಗುವವರೆಗೆ ಆ ಬಾಗಿಲು ತೆರೆಯುವುದಿಲ್ಲ. ಒಗೆಯುವವರು ಬಂದು ಸುತ್ತ ನಿಂತರು. ಎಲ್ಲರೂ ಆ ಕಡೆಯವರು. ದೊಡ್ಡಮ್ಮ ಬೈಗುಳಕ್ಕೋ ಕುಹಕಕ್ಕೋ ಎದೆ ಗಟ್ಟಿ ಮಾಡಿಕೊಂಡಳು.

"ದೊಡ್ಡಮ್ಮ," ಎಂದನು ಅವರಲ್ಲೊಬ್ಬ, ಬಹಳ ಗಂಭೀರವಾಗಿ. "ಇಸ್ತ್ರಿ ಮಾಡಿಸಿ ಕೊಡಲಾ?"

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ನಿಲ್ಲಲೊಲ್ಲದು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅದೇ ಮನುಷ್ಯ ಆಮೇಲೆ ಫೋನನ್ನು ಒಣ ಟವೆಲಿನಲ್ಲಿ ಸುತ್ತಿ, ಬಿಸಿ ಪೈಪಿನ ಪಕ್ಕ ಇಟ್ಟು ಹೋದನು.

ಮರುದಿನ ಅವಳ ಕಿವಿ ಖಾಲಿ. ಮೊದಲು ಕೈ ತಾನಾಗಿಯೇ ಜೇಬಿಗೆ ಹೋಗಿ ಹೋಗಿ ಬಂತು. ಏನೋ ದೊಡ್ಡದು ನಡೆದುಹೋಗುತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಎಂಬ ಚಡಪಡಿಕೆ. ಗಂಟೆ ಅಂದು ರಜೆ ಹಾಕಿದ್ದಳು. ದೊಡ್ಡಮ್ಮ ದಿಂಬಿನ ಕವರುಗಳನ್ನು ಒಬ್ಬಳೇ ಮಡಚುತ್ತ ಕೂತಳು. ಹೊತ್ತು ಹೋದಂತೆ ಬೇರೆ ಸದ್ದುಗಳು ಒಂದೊಂದಾಗಿ ಮರಳಿ ಬಂದವು. ಒಣಗಿಸುವ ಯಂತ್ರದೊಳಗೆ ಯಾವುದೋ ಗುಂಡಿ ಟಿಕ್ ಟಿಕ್ ಎನ್ನುತ್ತಿತ್ತು. ಬಾಯ್ಲರ್‌ನವನು ರಾಗವಿಲ್ಲದೆ ಹಾಡಿಕೊಳ್ಳುತ್ತಿದ್ದನು. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಇವೆಲ್ಲ ಇಷ್ಟು ದಿನ ಎಲ್ಲಿ ಹೋಗಿದ್ದವು ಎಂದುಕೊಂಡಳು. ಎಲ್ಲೂ ಹೋಗಿರಲಿಲ್ಲ.

ಆಗ ಕಣ್ಣು ಟವೆಲ್ ಮೇಜಿನತ್ತ ಹೋಯಿತು. ಚಿಕ್ಕಮ್ಮ ಟವೆಲು ಎತ್ತಿಕೊಂಡರೂ ಅದನ್ನು ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರುತ್ತಿದ್ದಳು. ನಾಲ್ಕೂ ಬದಿ ಸವರಿ, ಹೊಲಿಗೆಯ ಉಬ್ಬು ಸಿಕ್ಕ ಮೇಲೆ ಮಡಚುತ್ತಿದ್ದಳು. ಮುಖ ಎತ್ತಲೋ ತಿರುಗಿತ್ತು. ಮೇಜಿನ ಮೇಲಿಟ್ಟ ನೀರಿನ ಲೋಟಕ್ಕೆ ಕೈ ಚಾಚಿದಳು. ಕೈ ಲೋಟದ ಪಕ್ಕಕ್ಕೆ ಹೋಯಿತು, ತಡಕಿತು, ಆಮೇಲೆ ಹಿಡಿಯಿತು.

ಸಂಜೆ ದೊಡ್ಡಮ್ಮ ಮೆಟ್ಟಿಲು ಹತ್ತಿದಳು. ಎಷ್ಟೋ ವಾರಗಳಿಂದ ಹತ್ತಿರಲಿಲ್ಲ. ಮೈದುನ ಲಾರಿ ತೆಗೆದುಕೊಂಡು ಹೋಗಿದ್ದನು, ಮಗ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಚಿಕ್ಕಮ್ಮ ದೀಪದ ಕೆಳಗೆ ಅಕ್ಕಿ ಆರಿಸುತ್ತಿದ್ದಳು, ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು.

"ಬನ್ನಿ, ಕೂತ್ಕೊಳ್ಳಿ."

"ನಿನ್ನ ಕಣ್ಣಿಗೆ ಏನಾಗಿದೆ?" ಎಂದಳು ದೊಡ್ಡಮ್ಮ ನಿಂತೇ.

ಚಿಕ್ಕಮ್ಮ ತಟ್ಟೆ ಇಳಿಸಿದಳು. "ಪೊರೆ ಬಂದಿದೆಯಂತೆ. ಎರಡಕ್ಕೂ."

"ಒಂದು ಮಾತು ಹೇಳಬಾರದಾ ನನಗೆ?"

"ಹೇಳಿದ್ದೆನಲ್ಲ."

"ಯಾವಾಗ?"

"ಟೀ ಬೆಂಚಿನ ಜಗಳಕ್ಕೆ ಮೊದಲು, ಅವತ್ತು ಬೆಳಿಗ್ಗೆ. ಬೆಡ್‌ಶೀಟು ಕೈಗೆ ಕೊಡುವಾಗ ಹೇಳಿದೆ. ಅಕ್ಕ, ನನಗೆ ಪಟ್ಟಿ ಕಾಣ್ತಾ ಇಲ್ಲ, ಯಾರಿಗೂ ಹೇಳಬೇಡ, ಕೆಲಸ ಹೋಗುತ್ತೆ, ನೀನು ಕೂಗ್ತಾ ಇರು ಸಾಕು, ನಿನ್ನ ದನಿ ಹಿಡಿದು ಮಡಚ್ತೀನಿ ಅಂದೆ." ಸ್ವಲ್ಪ ತಡೆದು ಹೇಳಿದಳು. "ನೀವು ಹೂಂ ಅಂದ್ರಿ."

ದೊಡ್ಡಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಅಂದು ಬೆಳಿಗ್ಗೆ ಕಿವಿಯಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ಯಾರೋ ಯಾರನ್ನೋ ಬೈದದ್ದು. ಯಾರು, ಯಾರನ್ನು, ಈಗ ಒಂದಕ್ಷರವೂ ನೆನಪಿಲ್ಲ. ಅದಕ್ಕೆ ಕಿವಿ ಕೊಟ್ಟು, ಇದಕ್ಕೆ ಹೂಂ ಅಂದಿದ್ದಳು.

"ಹೂಂ ಅಂದ ಮೇಲೂ ಕೂಗಲಿಲ್ಲವಲ್ಲ," ಎಂದಳು ಚಿಕ್ಕಮ್ಮ. "ಜಗಳದ ಸಿಟ್ಟಿಗೆ ಬೇಕೂಂತಲೇ ಸುಮ್ಮನಿದ್ದೀರಿ ಅಂದ್ಕೊಂಡೆ. ನನ್ನನ್ನ ಅಲ್ಲಿಂದ ಓಡಿಸೋಕೆ."

"ಬೇಕೂಂತಲೇ..." ಎಂದಳು ದೊಡ್ಡಮ್ಮ. ತಾನು ಮೇಸ್ತ್ರಿಯ ಮುಂದೆ ಆಡಿದ ಮಾತೇ ಎದುರಿಗೆ ಬಂದು ಕೂತಿತ್ತು. "ನನಗೆ ಕೇಳಿಸ್ಲೇ ಇಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ. ಕೇಳಿಸದೆ ಹೂಂ ಅಂದೆ."

ಚಿಕ್ಕಮ್ಮ ಅವಳನ್ನು ನೋಡಿದಳು. ನೋಡಿದಳೋ, ಅವಳ ದನಿ ಇದ್ದ ಕಡೆಗೆ ಮುಖ ಮಾಡಿದಳೋ. ಆಮೇಲೆ ಅವಳ ತುಟಿಯ ಕೊನೆ ನಡುಗಿತು. ಅಳುತ್ತಾಳೆಂದುಕೊಂಡರೆ ನಗು. "ಅಯ್ಯೋ ಅಕ್ಕ! ಭಾವನ ಥರ?"

"ನಿಮ್ಮ ಭಾವನಿಗಿಂತ ಕಡೆ," ಎಂದಳು ದೊಡ್ಡಮ್ಮ. ಇಬ್ಬರೂ ನಕ್ಕರು, ನಗುತ್ತ ಅತ್ತರು. ಆಮೇಲೆ ದೊಡ್ಡಮ್ಮ ಅಕ್ಕಿ ತಟ್ಟೆ ಎಳೆದುಕೊಂಡು ತಾನೇ ಕಲ್ಲು ಆರಿಸಿದಳು. ಎಷ್ಟೊಂದು ಕಲ್ಲು! ಇಷ್ಟು ದಿನ ಮೇಲಿನ ಮನೆಯವರು ಅದನ್ನೇ ಅಗಿಯುತ್ತಿದ್ದರೇನೋ.

ಮರುದಿನ ಅವಳು ಟೀ ಬೆಂಚಿನ ಹತ್ತಿರವೇ, ಎರಡೂ ತುದಿಗೆ ಕೇಳಿಸುವಂತೆ, ಮೇಸ್ತ್ರಿಗೆ ಹೇಳಿದಳು. "ತಪ್ಪು ನನ್ನದು. ಕೂಗೋದು ನನ್ನ ಕೆಲಸ, ನಾನು ಕೂಗಲಿಲ್ಲ. ಅವಳು ಬೇಕೂಂತ ಮಾಡಿದ್ದಲ್ಲ. ಅವಳನ್ನ ವಾಪಸು ಕೊಡಿ." ಕಣ್ಣಿನ ವಿಷಯ ಎತ್ತಲಿಲ್ಲ, ಅದು ಅವಳ ಗುಟ್ಟು, ಹೇಳುವುದಿದ್ದರೆ ಅವಳೇ ಹೇಳಲಿ. ಚಿಕ್ಕಮ್ಮ ಆಪರೇಷನ್‌ಗೆ ರಜೆ ಕೇಳುವಾಗ ತಾನೇ ಹೇಳಿದಳು. ಕೆಲಸವೇನೂ ಹೋಗಲಿಲ್ಲ. ಮೇಸ್ತ್ರಿ ಹಣೆ ಚಚ್ಚಿಕೊಂಡು, "ಮೊದಲೇ ಹೇಳೋದಲ್ವಾ ಚಿಕ್ಕಮ್ಮ? ನಮ್ಮಮ್ಮನಿಗೂ ಮಾಡಿಸಿದೀವಿ," ಎಂದನು. ಗಂಟೆ ತನ್ನ ಇಸ್ತ್ರಿಗೆ ಮರಳಿದಳು, ಅಲ್ಲಿ ಅವಳ ದನಿಗೆ ಬೇಕಾದಷ್ಟು ಜಾಗವಿದೆ.

ಆಪರೇಷನ್ನಿಗೆ ದಿನ ಗೊತ್ತಾಗುವವರೆಗೆ ಚಿಕ್ಕಮ್ಮ ದನಿ ಹಿಡಿದೇ ಮಡಚಿದಳು. "ಕಿಟಕಿ!" "ಗೋಡೆ!" ಒಂದು ಗಂಟೂ ಹಿಂದೆ ಬರಲಿಲ್ಲ. ಆಸ್ಪತ್ರೆಗೆ ದೊಡ್ಡಮ್ಮನೇ ಕರೆದುಕೊಂಡು ಹೋದಳು. ನರ್ಸ್ ಅಲ್ಮಾರಿಯಿಂದ ಒಂದು ಬೆಡ್‌ಶೀಟು ತೆಗೆದು, ನೀಲಿ ಪಟ್ಟಿ ಹಿಡಿದು ಒಮ್ಮೆ ಕೊಡವಿದಳು. ಅದು ಹಾಸಿಗೆ ತುಂಬ ಹರಡಿತು. ದೊಡ್ಡಮ್ಮ ಆ ಕೆಲಸವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಚಿಕ್ಕಮ್ಮ ಅದರ ಮೇಲೆ ಮಲಗಿ, ಅಂಚನ್ನು ಬೆರಳಿನಿಂದ ಸವರಿ, "ನಮ್ಮದೇ," ಎಂದಳು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಚಿಕ್ಕಮ್ಮ ಮೊದಲು ಹೇಳಿದ್ದು, "ಅಕ್ಕ! ನಿನಗೆ ಇಷ್ಟು ಕೂದಲು ನೆರೆತಿದ್ದು ಯಾವಾಗ?" ಎಂದು. ನೀನು ಎಂದಳು. ಕೂದಲಿನ ಮಾತಿಗೆ ಬಂದ ಸಿಟ್ಟು ಅದೊಂದು ಪದಕ್ಕೆ ಇಳಿದುಹೋಯಿತು.

ಫೋನು ರಿಪೇರಿಯಾಯಿತು; ದೊಡ್ಡಮ್ಮನೇನೂ ಸನ್ಯಾಸ ತೆಗೆದುಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಒಂದು ಹೊತ್ತು ಸುದ್ದಿ ಕೇಳುತ್ತಾಳೆ, ಯಜಮಾನರ ಪಕ್ಕ ಕೂತು. ಬೈಯಬೇಕಾದವರನ್ನು ಬೈಯುತ್ತಾಳೆ, ಯಜಮಾನರು ಹೂಂ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಲಾಂಡ್ರಿಯಲ್ಲಿ ಕಿವಿ ಖಾಲಿ. ಕೋಪವೇನೂ ಸತ್ತಿಲ್ಲ, ಆದರೆ ಕುದಿತ ತಣ್ಣಗಾಗಿದೆ. ಈಗ ಅವಳಿಗೆ ನಿದ್ದೆ ಬರುತ್ತದೆ, ಸಾರಿಗೆ ಉಪ್ಪು ಬೀಳುತ್ತದೆ.

ಮೊನ್ನೆ ಬೆಡ್‌ಶೀಟು ಹಿಡಿದು ಇಬ್ಬರೂ ಹತ್ತಿರ ಬಂದಾಗ ಚಿಕ್ಕಮ್ಮ ದನಿ ತಗ್ಗಿಸಿದಳು. "ಅಕ್ಕ, ಒಂದು ಮಾತು. ಬೈಯಬಾರದು."

"ಹೇಳು."

"ಆ ವಿಷಯದಲ್ಲಿ ನಾನು ನಿಜವಾಗ್ಲೂ ಆ ಕಡೆಯವಳೇ. ಅವತ್ತು ಹೆದರಿ ಅರ್ಧ ಹೇಳಿದ್ದೆ."

ದೊಡ್ಡಮ್ಮನ ಕೈ ನಿಂತಿತು. ಹೇಳಬೇಕಾದದ್ದೆಲ್ಲ ಒಂದರ ಮೇಲೊಂದು ನಾಲಿಗೆಗೆ ನುಗ್ಗಿ ಬಂತು, ಎಲ್ಲ ಬಾಯಿಪಾಠ. ಎದುರಿಗೆ ಚಿಕ್ಕಮ್ಮನ ಕಣ್ಣು. ಈಗ ಚೆನ್ನಾಗಿ ಕಾಣುವ ಕಣ್ಣು, ಇವಳ ಮುಖವನ್ನೇ ನೋಡುತ್ತಿತ್ತು.

"ಇನ್ನೊಂದು ಸಲ ಹೇಳು," ಎಂದಳು.

ಚಿಕ್ಕಮ್ಮ ಇನ್ನೊಂದು ಸಲ ಹೇಳಿದಳು.

"ಹೂಂ," ಎಂದಳು ದೊಡ್ಡಮ್ಮ. ಕೇಳಿಸಿಕೊಂಡು ಅಂದ ಹೂಂ ಅದು. ಮಡಚಿದ್ದನ್ನು ರಾಶಿಯ ಮೇಲಿಟ್ಟು, ಬುಟ್ಟಿಯಿಂದ ಮತ್ತೊಂದನ್ನು ಎತ್ತಿ, ಇಬ್ಬರೂ ಹಿಂದೆ ಸರಿದರು. ಪಟ್ಟಿ ಯಾವ ಕಡೆಗಿದೆಯೆಂದು ಇಬ್ಬರಿಗೂ ಕಾಣುತ್ತಿತ್ತು. ಆದರೂ ದೊಡ್ಡಮ್ಮ ಎಂದಿನಂತೆ ಜೋರಾಗಿ ಕೂಗಿದಳು, "ಗೋಡೆ!"